ಸೊಳ್ಳೆಪರದೆಯೊಳಗಿನ ಸೌತೆ

ಐವತ್ತರ ದಶಕದ ಕೊನೆ. ನಾನು ಶಿಕಾರಿಪುರದ ಕಡೆಯಿಂದ ಸೊರಬದ ಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ಊರಿಗೆಲ್ಲ ಸೌತೆಬೀಜ ಕೊಡುವುದು ನಮ್ಮತ್ತೆಯ ಹಕ್ಕು. ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತಿಟ್ಟು, ಮಳೆಗಾಲದ ಹೊತ್ತಿಗೆ ಕೇಳಿದವರಿಗೆ ಕಿತ್ತು ಕೊಡುತ್ತಿದ್ದರು. ಅಲ್ಲಿಯವರೆಗೆ ಊರೆಲ್ಲ ಅವರೊಂದಿಗೆ ನಯವಾಗಿ ಮಾತಾಡುತ್ತಿತ್ತು.

ಒಂದು ಸಲ ನನ್ನ ತವರಿನ ಕಡೆಯವರಾದ ಗ್ರಾಮಸೇವಕರು ಮಿಶ್ರತಳಿಯ ಏಳು ಸೌತೆಬೀಜ ತಂದುಕೊಟ್ಟರು.

"ಪರದೇಶದಾಗ ಇದನ್ನ ಗಾಜಿನ ಮನ್ಯಾಗ ಬೆಳೀತಾರ ನೋಡ್ರಿ. ಒಂದು ಹುಳನೂ ಒಳಗ ಬರಂಗಿಲ್ಲ."

ನಮ್ಮತ್ತೆ ಪರದೇಶಕ್ಕೆ ಸೋಲುವವರೇ? ಗಾಜಿಲ್ಲದಿದ್ದರೇನು, ಮಾವನ ಮಂಚದ ಸೊಳ್ಳೆಪರದೆ ಇತ್ತು. ಹಿತ್ತಲಲ್ಲಿ ಬೀಜ ಊರಿ, ಸುತ್ತ ಬಿದಿರಿನ ಗಳ ಹುಗಿದು ಅದನ್ನೇ ಕಟ್ಟಿದರು. ಮರುದಿನ ಬೆಳಿಗ್ಗೆ ಮಾವ ಮೈ ಕೆರೆದುಕೊಳ್ಳುತ್ತ ಕೇಳಿದರು: "ಸೌತೆಗೆ ನಿದ್ದೆ ಚೆನ್ನಾಗಿ ಬಂತಂತಾ?"

ಹನ್ನೊಂದು ಉದ್ದುದ್ದ ಕಾಯಿ ಬಿಟ್ಟವು. ನನಗೋ ಬಾಯಲ್ಲಿ ನೀರು. ಆದರೆ ಅತ್ತೆ ಆಗಲೇ ಊರಿಗೆಲ್ಲ ಈ ಹೊಸ ಬೀಜ ಕೊಡುವ ಮಾತು ಕೊಟ್ಟು, ಹನ್ನೊಂದಕ್ಕೂ ಬೀಜದ ಕಾಯಿಯೆಂದು ಬಟ್ಟೆಚೂರು ಕಟ್ಟಿಬಿಟ್ಟಿದ್ದರು. ಬಟ್ಟೆ ಕಟ್ಟಿದ್ದನ್ನು ಮುಟ್ಟುವಂತಿಲ್ಲ.

ಹಣ್ಣಾದ ಮೇಲೆ ನಾವಿಬ್ಬರೇ ಕೂತು ಕೊಯ್ದೆವು. ಒಂದರಲ್ಲೂ ಬೀಜವಿಲ್ಲ. ಜೇನುನೊಣ ಮುಟ್ಟದಿದ್ದರೂ ಆ ಜಾತಿ ಕಾಯಿ ಬಿಡುತ್ತದೆ, ಬೀಜ ಮಾತ್ರ ಕಟ್ಟುವುದಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹನ್ನೊಂದನೆಯದನ್ನೂ ಕೊಯ್ದು ಅತ್ತೆ ಈಳಿಗೆಮಣೆಯನ್ನು ಅತ್ತ ಸರಿಸಿದರು.

"ಇನ್ನು ಯಾರಿಗೆ ಮುಖ ತೋರಿಸಲೇ ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು.

ನನಗೆ ನಗು ಉಕ್ಕುತ್ತಿತ್ತು, ಪಾಪ ಅಂತಲೂ ಅನ್ನಿಸಿತು. ಮೆಲ್ಲಗೆ ಅಂದೆ: "ಅತ್ತೆ, ಗೋಡೆ ಮ್ಯಾಲೆ ಹಳೇವು ಅದಾವಲ್ರೀ. ಬೀಜದ ಮುಖ ಯಾರಿಗೆ ಗೊತ್ತಾಕ್ಕತಿ?"

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಮದುವೆಯಾಗಿ ಬಂದ ಮೇಲೆ ನಾನು ಅವರಿಗೆ ಸರಿಯಾಗಿ ಕಂಡದ್ದು ಅವತ್ತೇ ಇರಬೇಕು. ಹುಳಿಯೊಡೆದ ಹನ್ನೊಂದೂ ಎಮ್ಮೆಯ ಪಾಲಾದವು. ನಮ್ಮೂರಲ್ಲಿ ಮಿಶ್ರತಳಿಯ ರುಚಿ ಕಂಡದ್ದು ಆ ಎಮ್ಮೆಯೊಂದೇ. ಊರಿಗೆ ಗೋಡೆಯ ಬೀಜವನ್ನೇ ಹೊಸ ತಳಿಯದೆಂದು ಹಂಚಿದೆವು.

ಮುಂದಿನ ಬೆಳೆಗೆ ಹೊಗಳಿಕೆಯೋ ಹೊಗಳಿಕೆ. ಗ್ರಾಮಸೇವಕರು ನಮ್ಮ ಜಗಲಿಯಲ್ಲೇ ಕೂತು ಉಪ್ಪು ಖಾರ ಹಚ್ಚಿ ಮೂರು ಕಾಯಿ ಮುಗಿಸಿದರು.

"ನಿಮ್ಮ ಹಳೇ ಜವಾರಿ ಸೌತಿಗೆ ಈ ರುಚಿ ಎಲ್ಲಿಂದ ಬರಬೇಕ್ರೀ?"

ನಾನು ತಲೆ ತಗ್ಗಿಸಿದೆ. ಅತ್ತೆ ಒಂದು ಹೋಳು ಬಾಯಿಗಿಟ್ಟು ನಿಧಾನವಾಗಿ ಜಗಿದರು. ಆಮೇಲೆ ನನ್ನ ಕಡೆ ತಿರುಗಿ, ಒಂದಿಷ್ಟೂ ನಗದೆ, "ಹೌದು ಕಣೆ, ನಮ್ಮ ಹಳೇದು ಇದರ ಮುಂದೆ ಸಪ್ಪೆನೇ ಸೈ" ಎಂದರು.