ಗಿರಿಗೊಂದು ಕೊನೇ ಕರೆ

ಚಿತ್ರದುರ್ಗದ ತಂತಿ ಕಚೇರಿಯಲ್ಲಿ ಉಚ್ಚಂಗೆಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ದೊಡ್ಡ ಸಾಹೇಬರು ಕೂಡ ಅವಳ ಮೇಜಿನ ಹತ್ತಿರ ಬರುವ ಮುಂಚೆ ಒಂದು ಸಲ ಕೆಮ್ಮಿ ಬರುತ್ತಿದ್ದರು. ಗಂಡ ಪಾಲಯ್ಯ ಕರೆಂಟ್ ಆಫೀಸಿನ ಲೈನ್‌ಮನ್. ಊರಿನ ಎಂಥ ಕಂಬವನ್ನಾದರೂ ಸರಸರ ಹತ್ತುವ ಆ ಧೈರ್ಯವಂತ ಮನೆಯೊಳಗೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಕೆಲಸದ ವಿಷಯದಲ್ಲಿ ಅವಳನ್ನು ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಪಕ್ಕದವರ ಜೊತೆ ಜಗಳವಾಡುತ್ತಲೇ ಕಟಕಟ ಸದ್ದನ್ನು ಕಿವಿಯಲ್ಲಿ ಹಿಡಿದು, ಕೈಯಲ್ಲಿ ತಂತಿ ಬರೆದುಕೊಳ್ಳುತ್ತಿದ್ದಳು.

ತುರ್ತು ಪರಿಸ್ಥಿತಿಯ ಎರಡನೇ ವರ್ಷ. ಒಂದು ಮಧ್ಯಾಹ್ನ ಹಿರಿಯೂರಿನಿಂದ ಬಂದ ತಂತಿಯನ್ನು ಹಾಗೆಯೇ ಬರೆದುಕೊಂಡಳು. ಸಂತೆಪೇಟೆಯ ಯಾರಿಗೋ ಅವರ ಅಣ್ಣ ಹೋದ ಸುದ್ದಿ. ಬರೆದು, ಮುದ್ರೆ ಒತ್ತಿ, ಹಂಚುವವನ ಕಡೆ ಚಾಚಿದ ಮೇಲೆ ಕೈ ಅಲ್ಲೇ ನಿಂತಿತು. ಹೋದ ಅಣ್ಣನ ಹೆಸರು ಮೂಡಲಗಿರಿಯಪ್ಪ. ಬರೆದದ್ದು ಅವಳದೇ ಕೈ, ಅರ್ಥವಾದದ್ದು ಮಾತ್ರ ಆಮೇಲೆ. ಅಂದು ಮೊದಲ ಬಾರಿಗೆ ಆ ಕಚೇರಿಯವರು ಉಚ್ಚಂಗೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದನ್ನು ಕಂಡರು.

ಮೂಡಲಗಿರಿಯಪ್ಪ ಹಿರಿಯೂರು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಹುಟ್ಟಿದ್ದು ಆದಿವಾಲದಲ್ಲಿ. ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಯಂತ್ರ ಇಟ್ಟುಕೊಂಡು, ಗಾಳಿಯಲ್ಲಿ ಒಬ್ಬರಿಗೊಬ್ಬರು ಸುದ್ದಿ ಕಳಿಸಿಕೊಳ್ಳುವ ಹವ್ಯಾಸಿಗಳಿದ್ದಾರಲ್ಲ, ಹ್ಯಾಮ್ ಅನ್ನುತ್ತಾರೆ, ಆ ಹುಚ್ಚನ್ನು ಉಚ್ಚಂಗೆಮ್ಮನಿಗೆ ಹಿಡಿಸಿದವನೇ ಅವನು. ಅವಳ ಯಂತ್ರ ಕಟ್ಟಿಕೊಟ್ಟವನೂ ಅವನೇ. ಮಿಲಿಟರಿಯವರು ಗುಜರಿಗೆ ಹಾಕಿದ ಸಾಮಾನು ತಂದು, ಅದರ ವಾಲ್ವು ಇದಕ್ಕೆ, ಇದರ ತಂತಿ ಅದಕ್ಕೆ ಎಂದು ಬೆಸುಗೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟಿದ್ದ. ಏರಿಯಲ್ ತಂತಿಯನ್ನು ಮನೆ ಹಿಂದಿನ ಬಂಡೆಗೆ ಎಳೆದು ಕಟ್ಟಿದಾಗ ದೊಡ್ಡಪೇಟೆಯವರು, ಉಚ್ಚಂಗೆಮ್ಮನ ಸೀರೆ ಒಣಗಲು ಕೋಟೆಯೇ ಬೇಕಾಯ್ತು ನೋಡು ಎಂದು ನಕ್ಕಿದ್ದರು. ನಗಲಿ ಬಿಡಿ, ಅವಳಿಗೆ ಲೈಸೆನ್ಸ್ ಬಂತು, ಕಾಲ್‌ಸೈನ್ ಬಂತು. ಕಾಲ್‌ಸೈನ್ ಎಂದರೆ ಗಾಳಿಯಲ್ಲಿ ಅವಳಿಗೆ ಸರ್ಕಾರ ಇಟ್ಟ ಹೆಸರು.

ಕಲಿಸಿದವನಿಗೆ ಮಾತ್ರ ಬರಲಿಲ್ಲ. ಪರೀಕ್ಷೆ ಪಾಸಾಗಿದ್ದ, ಶುಲ್ಕ ಕಟ್ಟಿದ್ದ. ಆದರೆ ಯಾವುದೋ ಕಾಲದಲ್ಲಿ ನಾಲೆ ನೀರು ಬಿಡಿ ಎಂದು ಕೂಗಿಕೊಂಡು ಹೋದ ಮೆರವಣಿಗೆಯಲ್ಲಿ ಅವನೂ ಇದ್ದನಂತೆ. ಅದೊಂದು ಮಾತು ಅವನ ಕಾಗದದ ಜೊತೆಗೇ ಮೇಜಿಂದ ಮೇಜಿಗೆ ಅಲೆಯಿತು. ಇನ್ನೊಬ್ಬನಾಗಿದ್ದರೆ ಸುದ್ದಿ ಕುಟ್ಟುವ ಕೀಯನ್ನು ಕದ್ದುಮುಚ್ಚಿ ಒತ್ತುತ್ತಿದ್ದ. ಇವನು ಒತ್ತಲಿಲ್ಲ. ತನಗೂ ಒಂದು ಯಂತ್ರ ಕಟ್ಟಿ, ಹ್ಯಾಮ್‌ಗಳೆಲ್ಲ ಗಾಳಿಯಲ್ಲೇ ಭಾನುವಾರದ ಕೂಟ ಸೇರುವ ತರಂಗಕ್ಕೇ ಸರಿಹೊಂದಿಸಿ ಇಟ್ಟುಕೊಂಡ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಯಂತ್ರವನ್ನು ಬಿಸಿಯೇರಲು ಬಿಟ್ಟು, ಪಕ್ಕದ ರಿಸೀವರಿನಲ್ಲಿ ಎಲ್ಲರ ಸುದ್ದಿ ಕೇಳಿ, ಕೂಟ ಮುಗಿದ ಮೇಲೆ ಎರಡನ್ನೂ ಆರಿಸುತ್ತಿದ್ದ. ಒಂದೇ ಒಂದು ಸ್ವಿಚ್ಚನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದನ್ನು ಆ ಕಡೆ ಒತ್ತಿದರೆ ಯಂತ್ರಕ್ಕೂ ಏರಿಯಲ್ಲಿಗೂ ಸಂಬಂಧ ಬಂದು, ಕೀ ಕುಟ್ಟಿದ್ದು ಲೋಕಕ್ಕೆಲ್ಲ ಕೇಳುತ್ತದೆ. ಕಸ ಗುಡಿಸಲು ಬಂದ ಹೆಂಡತಿ ರಂಗಕ್ಕನಿಗೆ, "ಎಲ್ಲಾ ಒರೆಸು, ಆ ಸ್ವಿಚ್ಚು ಮಾತ್ರ ಮುಟ್ಟಬ್ಯಾಡ" ಎಂದು ದಿನಾ ಹೇಳುತ್ತಿದ್ದ. ಲೈಸೆನ್ಸ್ ಬಂದ ದಿನ ತಾನೇ ಒತ್ತಬೇಕು ಎಂಬ ಆಸೆ.

ಆದಿವಾಲದಲ್ಲಿ ಮಣ್ಣಾದ ದಿನ, ಎಲ್ಲರೂ ಕೈಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತಿದ್ದಾಗ, ರಂಗಕ್ಕ ಎದ್ದು ಬಂದು ಉಚ್ಚಂಗೆಮ್ಮನ ಪಕ್ಕ ಕೂತಳು. ಅತ್ತು ಅತ್ತು ಧ್ವನಿ ಒಡೆದಿತ್ತು.

"ಅಕ್ಕ, ನಿಮ್ಮ ಪೈಕಿ ಯಾರಾದ್ರು ಹೋದ್ರೆ ಗಾಳಿಯಾಗೆ ಮೂರು ಸಲ ಕರೀತಾರಂತಲ್ಲ. ಆವಾಗೆಲ್ಲ ಇವರು ಎದ್ದು ನಿಂತು ಕೈ ಮುಗಿಯೋರು. ಇವರನ್ನೂ ಕರೀತಾರೇನಕ್ಕ?"

ಅದು ಹೌದು. ಹ್ಯಾಮ್ ಒಬ್ಬ ತೀರಿಕೊಂಡರೆ, ಮುಂದಿನ ಕೂಟದಲ್ಲಿ ಅವನ ಕಾಲ್‌ಸೈನನ್ನು ಮೂರು ಸಲ ಕರೆದು, ಉತ್ತರಕ್ಕೆ ಕಾಯುವಂತೆ ಕಾಯುತ್ತಾರೆ. ಉತ್ತರ ಬರುವುದಿಲ್ಲ. ಎಲ್ಲರೂ ಸುಮ್ಮನಿರುತ್ತಾರೆ. ಇಂಥವರ ಕೀ ಮೌನವಾಯಿತು ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಕೊನೇ ಕರೆ ಎಂದರೆ ಇಷ್ಟೇ. ನಮ್ಮವನೊಬ್ಬನಿದ್ದ ಎನ್ನುವುದಕ್ಕೆ ಅವರಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

"ಕರೀದೆ ಏನ್ಮಾಡ್ತಾರೆ?" ಎಂದಳು ಉಚ್ಚಂಗೆಮ್ಮ, ಯಾರನ್ನೂ ಕೇಳದೆ. "ಭಾನುವಾರ ಬೆಳಿಗ್ಗೆ ಅವರು ಹಾಕ್ಕಂಡಂಗೇ ರೇಡಿಯೋ ಹಾಕ್ಕಂಡು ಕುಂತ್ಕ. ಆದ್ರೆ ನಿಂಗೆ ತಿಳೀತದಾ?"

"ನಂಗೆ ಓದು ಬರಾಕಿಲ್ಲ. ಇವರ ಹೆಸರಿನ ಸದ್ದು ಗೊತ್ತು. ಯಂತ್ರ ಹಚ್ಚದೆ ಬರೀ ಕೀ ಇಟ್ಕಂಡು ದಿನಾ ಕುಟ್ಟೋರು. ಊಟದ ತಾಟಿನ ಮೇಲೂ ಅದೇ." ರಂಗಕ್ಕ ಜಗಲಿಯ ಕಲ್ಲಿನ ಮೇಲೆ ಬೆರಳ ಗಂಟಿನಿಂದ ತಟ್ಟಿ ತೋರಿಸಿದಳು. ತಂತಿ ಭಾಷೆಯಲ್ಲಿ ಉದ್ದ ಸದ್ದು ಡಾ, ಗಿಡ್ಡ ಸದ್ದು ಡಿ. ಡಾಡಾಡಿ, ಡಿಡಿ, ಡಿಡಾಡಿ, ಡಿಡಿ. ಮೂಡಲಗಿರಿಯಪ್ಪನ ಗಿಡ್ಡ ಹೆಸರು, ಗಿರಿ. ಒಂದೂ ತಪ್ಪಿರಲಿಲ್ಲ.

ಮಾರನೇ ದಿನ ರಜೆ ಹಾಕಿ ಉಚ್ಚಂಗೆಮ್ಮ ಹೊಳಲ್ಕೆರೆ ಬಸ್ಸು ಹತ್ತಿದಳು. ಕೂಟ ನಡೆಸುವವರು ಅಲ್ಲಿನ ಹನುಮಂತಯ್ಯ, ಮಿಲಿಟರಿಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಮೀಸೆಯನ್ನೂ ನಿಯಮವನ್ನೂ ಒಂದೇ ಶಿಸ್ತಿನಲ್ಲಿ ಇಟ್ಟುಕೊಂಡವರು.

"ಬರ್ರಿ ಉಚ್ಚಂಗೆಮ್ಮ, ಕುಂತ್ಕಳ್ರಿ" ಎಂದು ಕಾಫಿ ತರಿಸಿದರು. ವಿಷಯ ಕೇಳಿದ ಮೇಲೆ ಲೋಟ ಕೆಳಗಿಟ್ಟರು. "ಒಳ್ಳೇ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಕಾಲ್‌ಸೈನೇ ಇಲ್ಲದೋರನ್ನ ಏನಂತ ಕರೆಯೋದಮ್ಮ?"

"ಹೆಸರು ಹಿಡ್ದು ಕರೀರಿ."

"ಲೈಸೆನ್ಸ್ ಇಲ್ಲದೋರನ್ನ ಗಾಳೀಲಿ ಕರೆಯಂಗಿಲ್ಲ. ಗೊತ್ತಿಲ್ವಾ ನಿಮಗೆ? ಅದೂ ಈಗಿನ ಕಾಲದಾಗೆ? ಯಾರು ಎಲ್ಲಿ ಕುಂತು ಕೇಳ್ತಾರೋ ಯಾರಿಗೆ ಗೊತ್ತು. ನನ್ನ ಪಿಂಚಣಿ, ನಿಮ್ಮ ನೌಕರಿ, ಹೊಸದುರ್ಗದ ಕೆಂಚಣ್ಣ ಮೇಷ್ಟ್ರು ನೌಕರಿ, ಎಲ್ಲಾ ಸರ್ಕಾರದ ಕೈಯಾಗೆ ಐತೆ." ಹನುಮಂತಯ್ಯ ದನಿ ತಗ್ಗಿಸಿದರು. "ಇನ್ನೊಂದು ಮಾತು. ಮೌನವಾಯ್ತು ಅಂತ ಹೇಳಬೇಕಾದ್ರೆ ಆ ಕೀ ಒಂದು ಸಲನಾದ್ರೂ ಮಾತಾಡಿರಬೇಕಲ್ಲ. ಅವರದು ಮಾತಾಡೇ ಇಲ್ಲ."

ಆ ಮಾತು ಅವಳ ಎದೆಗೆ ನಾಟಿತು. ಅತ್ತುಬಿಡುತ್ತಿದ್ದಳು, ಸಿಟ್ಟು ಮೊದಲು ಬಂದದ್ದರಿಂದ ಬಚಾವಾದಳು.

"ಮಾತಾಡಾಕೆ ಬಿಡ್ಲಿಲ್ಲ, ಅದಕ್ಕೆ ಮಾತಾಡಲಿಲ್ಲ. ನಿಯಮ ನಿಯಮ ಅಂತೀರಲ್ಲ, ನಮ್ಮೆಲ್ಲರಿಗಿಂತ ಆ ನಿಯಮಾನ ಚೆನ್ನಾಗಿ ನಡೆಸಿದೋರು ಅವರೊಬ್ಬರೇ. ಅದಕ್ಕೆ ಇದಾ ಬಹುಮಾನ? ನಿಮ್ಮ ಯಂತ್ರದ ದನಿ ನಡುಗ್ತೈತೆ, ನೋಡ್ಕಳ್ರಿ ಅಂತ ವಾರ ವಾರ ನಿಮಗೆ ಕಾರ್ಡು ಬರೀತಿದ್ದೋರು ಯಾರು? ಕಾರ್ಡು ಇಸ್ಕಳಾಕೆ ಲೈಸೆನ್ಸ್ ಬೇಡಿತ್ತು, ಕರೆಯಾಕೆ ಬೇಕಾಯ್ತಾ?"

ಅವಳು ಕಾಫಿ ಮುಟ್ಟದೆ ಎದ್ದು ಬಂದಳು.

ಭಾನುವಾರ ಬೆಳಿಗ್ಗೆ ಅವಳು ಯಂತ್ರದ ಮುಂದೆ ಕೂತಾಗ ಪಾಲಯ್ಯ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ಮುಖ ನೋಡಿಯೇ ಅವನಿಗೆ ಸಮಾಚಾರ ತಿಳಿದಿತ್ತು.

"ಕೆಲಸಕ್ಕೇ ಸಂಚಕಾರ ಬಂದ್ರೆ?"

"ಬರ್ಲಿ. ನಿಮ್ಮ ಸಂಬಳ ಐತಲ್ಲ, ಕುಂತು ಉಣ್ತೀನಿ."

ಪಾಲಯ್ಯ ಏಣಿ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬಂಡೆಯ ಮೇಲಿನ ಗಂಟನ್ನು ಬಿಗಿದು ಕಟ್ಟಿ ಬಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಆಡಿದ ದೊಡ್ಡ ಮಾತು ಅದೇ ಎಂದು ಉಚ್ಚಂಗೆಮ್ಮ ಆಮೇಲೆ ಹೇಳುತ್ತಿದ್ದಳು.

ಕೂಟ ಶುರುವಾಯಿತು. ಹನುಮಂತಯ್ಯ ಒಬ್ಬೊಬ್ಬರನ್ನೇ ಕರೆದು ಕ್ಷೇಮ ಕೇಳಿದರು. ಹೊಸದುರ್ಗದ ಕೆಂಚಣ್ಣ ಮೇಷ್ಟ್ರು ಮಳೆಯಿಲ್ಲ ಎಂದರು. ಎಲ್ಲ ಮುಗಿಯಿತು, ಹಿರಿಯೂರಿನ ಸುದ್ದಿ ಬರಲೇ ಇಲ್ಲ. ಇನ್ನು ಯಾರದಾದರೂ ಏನಾದರೂ ಇದೆಯೇ ಎಂದು ಹನುಮಂತಯ್ಯ ಕೇಳಿದ್ದೇ ತಡ, ಉಚ್ಚಂಗೆಮ್ಮ ಕೀ ಹಿಡಿದಳು. ಹೆಸರಿಲ್ಲದ ಹೇಡಿ ಎನ್ನಿಸಿಕೊಳ್ಳಬಾರದೆಂದು ಮೊದಲು ತನ್ನ ಕಾಲ್‌ಸೈನನ್ನು ಬಿಡಿಸಿ ಬಿಡಿಸಿ ಕಳಿಸಿದಳು. ಆಮೇಲೆ ಕರೆದಳು. ಗಿರಿ. ಗಿರಿ. ಗಿರಿ. ಕೈ ಬಿಟ್ಟು ಎದ್ದು ನಿಂತಳು.

ಗಾಳಿಯಲ್ಲಿ ಬರೀ ಸುಯ್ಯೆನ್ನುವ ಸದ್ದು. ಯಾರೂ ಕೀ ಮುಟ್ಟಲಿಲ್ಲ. ಹೊಳಲ್ಕೆರೆಯಿಂದ ಬೈಗುಳ ಬರುತ್ತದೆಂದು ಕಾದಳು, ಅದೂ ಬರಲಿಲ್ಲ. ರಂಗಕ್ಕ ಕೇಳಿಸಿಕೊಂಡಿರಬೇಕು, ಸಾಕು, ಎಂದುಕೊಳ್ಳುತ್ತಿದ್ದಾಗ ಸ್ಪೀಕರಿನಲ್ಲಿ ಒಂದು ಸದ್ದು ಎದ್ದಿತು. ಜೋರಾದ, ಗಂಟೆಯಂತೆ ಸ್ವಚ್ಛವಾದ ಸದ್ದು. ಕುಟ್ಟುವ ಕೈ ಮಾತ್ರ ಅಭ್ಯಾಸವಿಲ್ಲದ್ದು, ರಾಗಿ ಬೀಸುವ ಕೈಯಷ್ಟು ಭಾರ.

ಡಾಡಾಡಿ. ಡಿಡಿ. ಡಿಡಾಡಿ. ಡಿಡಿ.

ಒಂದು ಗಳಿಗೆ ಉಚ್ಚಂಗೆಮ್ಮ ಸತ್ತವನೇ ಓಗೊಟ್ಟನೆಂದುಕೊಂಡಳು. ಮರುಗಳಿಗೆಗೆ ತಿಳಿಯಿತು. ಗಂಡ ಮಾಡುತ್ತಿದ್ದಂತೆಯೇ ರಂಗಕ್ಕ ಎರಡನ್ನೂ ಹಾಕಿ ಕೂತಿದ್ದಾಳೆ. ಕರೆ ಕೇಳಿದ್ದಾಳೆ. ಇಡೀ ಯಂತ್ರದಲ್ಲಿ ಅವಳಿಗೆ ಗುರುತಿದ್ದ ಸ್ವಿಚ್ಚು ಒಂದೇ, ದಿನಾ ಮುಟ್ಟಬೇಡ ಎನ್ನಿಸಿಕೊಂಡ ಸ್ವಿಚ್ಚು. ಕರೆದರೆ ಓಗೊಡಬೇಡವೇ? ಸತ್ತವರನ್ನು ಕರೆದಾಗ ಯಾರೂ ಉತ್ತರ ಕೊಡಬಾರದೆಂಬ ಪದ್ಧತಿಯನ್ನು ಅವಳಿಗೆ ಹೇಳಿದವರು ಯಾರು?

ಹನುಮಂತಯ್ಯನವರ ಕೀ ತಡವರಿಸುತ್ತ ಕೇಳಿತು: "ಯಾರು? ಕಾಲ್‌ಸೈನ್ ಹೇಳಿ."

ಇಂಥ ಅನಾಮಧೇಯ ಸದ್ದಿಗೆ ಯಾರೂ ಉತ್ತರ ಕೊಡಕೂಡದು. ಕೊಟ್ಟವರ ಲೈಸೆನ್ಸ್ ಹೋಗುತ್ತದೆ. ಉಚ್ಚಂಗೆಮ್ಮ ಕೀ ಹತ್ತಿರ ಎಳೆದುಕೊಂಡಳು. ಮೂಡಲಗಿರಿಯಪ್ಪನಿಗೆ ಲೈಸೆನ್ಸ್ ಬಂದಿದ್ದರೆ ಮೊದಲ ದಿನ ಏನು ಕಳಿಸುತ್ತಿದ್ದಳೋ ಅದನ್ನೇ, ತನ್ನ ಕಾಲ್‌ಸೈನ್ ಸಮೇತ ಕಳಿಸಿದಳು: "ಗಿರಿ, ಹಿರಿಯೂರು. ಚೆನ್ನಾಗಿ ಕೇಳುತ್ತಿದೆ. ಐದು, ಒಂಬತ್ತು, ಒಂಬತ್ತು. ಕೂಟಕ್ಕೆ ಸ್ವಾಗತ." ಐದು ಒಂಬತ್ತು ಒಂಬತ್ತು ಎಂದರೆ ನೂರಕ್ಕೆ ನೂರು. ಕೆಂಚಣ್ಣ ಮೇಷ್ಟ್ರು, ಮನೆ ತುಂಬ ಮಕ್ಕಳಿದ್ದ ಪುಕ್ಕಲ ಮನುಷ್ಯ, ಸ್ವಲ್ಪ ಹೊತ್ತು ಬಿಟ್ಟು ತಾವೂ ಅದನ್ನೇ ಕಳಿಸಿದರು. ಹನುಮಂತಯ್ಯ ಕೂಟ ಮುಗಿಸಿದರು.

ಯಾವ ದಿನ ಯಾರ ಜೊತೆ ಮಾತಾಡಿದೆ ಎಂದು ಹ್ಯಾಮ್‌ಗಳು ಪುಸ್ತಕದಲ್ಲಿ ಬರೆದಿಡಬೇಕು, ಸರ್ಕಾರದವರು ಕೇಳಿದಾಗ ತೋರಿಸಬೇಕು. ಗಿರಿಯ ಸಾಲನ್ನು ಬಿಟ್ಟುಬಿಟ್ಟಿದ್ದರೆ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಅವಳು ಶಾಯಿಯಲ್ಲೇ ಬರೆದಳು.

ಕೆಲವು ತಿಂಗಳು ಕಳೆದು ತಪಾಸಣೆಗೆ ಬಂದ ಅಧಿಕಾರಿ ಮೃದು ಮಾತಿನವನು. ಆ ಸಾಲಿನ ಮೇಲೆ ಬೆರಳಿಟ್ಟ.

"ಇದು ಕಾಲ್‌ಸೈನ್ ಅಲ್ವಲ್ಲಮ್ಮ, ಹೆಸರು."

"ಹೌದು ಸಾರ್, ಹೆಸರೇ."

"ಇವರ ಲೈಸೆನ್ಸ್ ಎಲ್ಲಿ?"

"ನನ್ನ ಕೇಳಿದ್ರೆ? ನಿಮ್ಮ ಹತ್ರಾನೇ ಐತಲ್ಲ. ಕೇಳಿ ಕೇಳಿ ಮನುಷ್ಯ ಸತ್ತೇ ಹೋದ್ರು. ಹುಡುಕಿ ಕೊಡ್ರಿ, ನಾನೇ ಹೋಗಿ ಹೆಂಡ್ತಿ ಕೈಗೆ ಕೊಟ್ಟು ಬರ್ತೀನಿ."

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು ಅವಳ ಮುಂದಿಟ್ಟ. "ತಪ್ಪಾಗಿ ಬರೆದೆ ಅಂತ ಒಂದು ಗೀಟು ಎಳೆದು ಸಹಿ ಹಾಕಿ. ನಾನು ನೋಡಿಲ್ಲ ಅಂದುಕೊಳ್ತೀನಿ."

ಉಚ್ಚಂಗೆಮ್ಮ ಪೆನ್ನಿನ ಮುಚ್ಚಳ ಹಾಕಿ ವಾಪಸ್ ಕೊಟ್ಟಳು. "ಬದುಕಿದ್ದಾಗ ನೀವು ಗೀಟು ಎಳೆದ್ರಿ. ಸತ್ತ ಮೇಲೆ ನನ್ನ ಕೈಲಿ ಎಳೆಸಬ್ಯಾಡ್ರಿ."

ನೌಕರಿ ಉಳಿಯಿತು. ಲೈಸೆನ್ಸನ್ನು ಒಂದು ವರ್ಷ ತಡೆಹಿಡಿದರು. ಯಂತ್ರದ ಮೇಲೆ ಬಟ್ಟೆ ಹೊದಿಸಿ ಅಳುತ್ತ ಕೂರುತ್ತಾಳೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ಉಚ್ಚಂಗೆಮ್ಮ ಗೊತ್ತಿರಲಿಲ್ಲ. ಕೇಳುವುದಕ್ಕೆ ಯಾರೂ ತಡೆ ಹಾಕಿರಲಿಲ್ಲವಲ್ಲ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಹಿರಿಯೂರಿಗೆ ಹೋಗಿ, ಮೂಡಲಗಿರಿಯಪ್ಪನ ಕುರ್ಚಿಯಲ್ಲಿ ಕೂತು, ರಂಗಕ್ಕನ ಜೊತೆ ಕೂಟ ಕೇಳಿದಳು. ಮಡಿಲಲ್ಲಿ ಒಂದು ಕಾರ್ಡು ಇಟ್ಟುಕೊಂಡಿದ್ದಳು. ಹನುಮಂತಯ್ಯನವರ ಯಂತ್ರದ ದನಿ ನಡುಗಿದರೆ ಅವರಿಗೆ ಬರೆದು ಹಾಕುವವರು ಒಬ್ಬರು ಬೇಕಲ್ಲ.

ಹೊಳಲ್ಕೆರೆಯ ಕೀ ಎಂದಿನಂತೆ ಒಬ್ಬೊಬ್ಬರನ್ನೇ ಕರೆಯಿತು. ಹೊಸದುರ್ಗ ಓಗೊಟ್ಟಿತು. ಅದಾದ ಮೇಲೆ ಹನುಮಂತಯ್ಯ ಕೊಂಚ ತಡೆದರು. ಆಮೇಲೆ, ಮಿಲಿಟರಿ ಶಿಸ್ತಿನ ಆ ಕೈಯಿಂದಲೇ, ನಿಧಾನವಾಗಿ ಬಂತು.

ಡಾಡಾಡಿ. ಡಿಡಿ. ಡಿಡಾಡಿ. ಡಿಡಿ.

ಕರೆದು, ಉತ್ತರಕ್ಕೆ ಕಾದರು.

ರಂಗಕ್ಕ ಉಚ್ಚಂಗೆಮ್ಮನ ಮುಖ ನೋಡಿದಳು. ಅವಳ ಕೈ ಆ ಸ್ವಿಚ್ಚಿನ ಕಡೆ ಹೋಯಿತು. ಮುಟ್ಟಬೇಡ ಎಂದು ಉಚ್ಚಂಗೆಮ್ಮ ಹೇಳಲಿಲ್ಲ.