ಬಾಬು ಸಾಹೇಬರಾದ ಮಧ್ಯಾಹ್ನ

ನರಗುಂದದ ಗುಡ್ಡದ ಕೆಳಗೆ ಕುಂಪಣಿಯ ದಂಡು ಇಳಿದಿದ್ದಾಗ, ಅದರ ದವಾಖಾನೆಯಲ್ಲಿ ಔಷಧಿ ಅರೆಯುವ ಬಂಗಾಳಿ ಬಾಬು ನಮ್ಮ ಪಡಸಾಲೆಯಲ್ಲಿದ್ದರು. ನಮ್ಮ ಮಾತನ್ನು ಲಗೂ ಕಲಿತಿದ್ದರು. ಇಂಗ್ಲಿಷ್ ಮಾತ್ರ ಬಾಯಿಗೆ ಹತ್ತಿರಲಿಲ್ಲ. ಅದು ಬಾರದಿದ್ದರೆ ಕೆಲಸ ಹೋಗುತ್ತಿತ್ತು, ಬಂಗಾಳದವರೆಗೆ ನಡೆದು ಹೋಗಬೇಕಾಗುತ್ತಿತ್ತು. ಹಾಗಾಗಿ ದಿನಾ ಮಧ್ಯಾಹ್ನ ನನ್ನನ್ನು ಸಾಹೇಬನೆಂದು ಮಂಚದ ಮೇಲೆ ಕೂಡಿಸಿ, ತಾವು ಕೈಕಟ್ಟಿ ನಿಂತು, "ಭೇರಿ ಗುಡ್, ಸರ್" ಅನ್ನುತ್ತಿದ್ದರು.

"ಚಲೋ ಆತ್ರಿ?"

ನನಗೇನು ತಿಳಿದಿತ್ತು? "ಭಾಳ ಚಲೋ ಆತ್ರಿ" ಎನ್ನುತ್ತಿದ್ದೆ.

ಒಂದು ದಿನ ಚೇಷ್ಟೆಗೆ, "ಇವತ್ತ ನೀವ ಸಾಹೇಬ ಆಗ್ರಿ, ಬಾಬು" ಎಂದೆ. ಅವರು ಮಂಚದ ಮೇಲೆ ಕೂತು, "ಕಮ್ ಹಿಯರ್" ಎಂದರು. ಅಷ್ಟು ಶುದ್ಧ ಉಚ್ಚಾರ ಅವರ ಬಾಯಲ್ಲಿ ಎಂದೂ ಬಂದಿರಲಿಲ್ಲ. ಹತ್ತಿರ ಹೋದೆ. ಕಪಾಳಕ್ಕೆ ಏಟು ಬಿತ್ತು. ಎಡಗೆನ್ನೆಯೋ ಬಲಗೆನ್ನೆಯೋ, ನೆನೆದಾಗಲೆಲ್ಲ ಬದಲಾಗುತ್ತದೆ.

"ಯಾಕ್ರೀ ಬಾಬು?"

"ಪಾಠ ಇರೂದ ಹಿಂಗ್ರಿ. ಸಾಹೇಬ್ರು ನನಗ ಹಿಂಗ ಕಲಿಸ್ಯಾರ. ಈಗ ನೀವು 'ಥ್ಯಾಂಕ್ ಯೂ, ಸರ್' ಅನ್ನಬೇಕು."

ಕೆನ್ನೆ ಹಿಡಿದುಕೊಂಡೇ ಅಂದೆ. ಯಾಕೆ ಅಂದೆನೋ.

ಬಾಬುವಿನ ಮುಖ ಅರಳಿತು. "ಒಮ್ಮಿಗೇ ಬಂತಲ್ರಿ ನಿಮಗ! ನನಗ ಎಂಟು ದಿನ ಹಿಡೀತು."