ಅಬ್ಬಿಯ ಕೈ ಬರೆದದ್ದು

ಆಗ ನನಗೆ ಇಪ್ಪತ್ತೆರಡು. ಡ್ರಾಯಿಂಗ್ ಪರೀಕ್ಷೆ ಪಾಸಾಗಿ ಎರಡು ವರ್ಷವಾದರೂ ಕೆಲಸವಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬೆಳಿಗ್ಗೆ ಎದ್ದರೆ ಮರವಂತೆಯ ಕಡಲು ನೋಡಿ ಬೇಸರ, ತಿರುಗಿ ಹೊಳೆ ನೋಡಿದರೂ ಬೇಸರ. ಎರಡರ ನಡುವಿನ ಗೇಣಗಲದ ಊರಿನಲ್ಲಿ ನೋಡಲು ಮೂರನೆಯದೊಂದು ಇರಲೂ ಇಲ್ಲ. "ನಿನ್ನ್ ಕಾಲಡಿಗೆ ಎಂತ ಇರುವೆ ಕಚ್ತಾ?" ಎಂದು ಅಬ್ಬಿ ಕೇಳುತ್ತಿದ್ದಳು. ನಮ್ಮ ಕಡೆ ತಾಯಿಯನ್ನು ಅಬ್ಬಿ ಎನ್ನುತ್ತೇವೆ. ಅಪ್ಪ ತೀರಿದ ಮೇಲೆ ನಮ್ಮಿಬ್ಬರ ಗಂಜಿ ಅವಳ ದುಡಿಮೆಯಿಂದಲೇ.

ಯುದ್ಧದ ಕಾಲ. ಒಳ್ಳೆಯ ಕಾಗದ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗೆ ಚಿತ್ರ ಕಲಿಸಿದ ಕುಂದಾಪುರದ ಮಾಸ್ತರರು ಪೆಟ್ಟಿಗೆಯ ತಳದಿಂದ ಒಂದೇ ಒಂದು ದಪ್ಪ ಹಾಳೆ ತೆಗೆದು ಕೊಟ್ಟರು. "ಹ್ವಾಯ್, ಇದೊಂದೇ ಇಪ್ಪುದ್. ದುಡಿಮೆ ಅಂದ್ರೆ ಎಂತ ಅಂದೇಳಿ ಬರ್ದ್ ತಕಂಬಾ. ಮಂಗ್ಳೂರಿನ ಪ್ರದರ್ಶನಕ್ಕೆ ನಾನ್ ಕೊಂಡ್ಹೋತೆ" ಎಂದರು. ಅಲ್ಲಿ ಚಿತ್ರ ನಾಲ್ಕು ಜನರಿಗೆ ಹಿಡಿಸಿದರೆ ಬ್ರಹ್ಮಾವರದ ಕಡೆಯ ಒಂದು ಶಾಲೆಯಲ್ಲಿ ಖಾಲಿಯಿದ್ದ ಡ್ರಾಯಿಂಗ್ ಮಾಸ್ತರಿಕೆ ನನಗೆ ಸಿಗಬಹುದಿತ್ತು.

ದುಡಿಮೆ ಎಂದರೆ ಕೈ ಎಂದು ತೋಚಿತು. ಮುಖ ಬೇಡ, ಮೈ ಬೇಡ, ಕೈ ಮಾತ್ರ. ಹಳೆಯ ಪತ್ರಿಕೆಯ ಅಂಚುಗಳಲ್ಲಿ ಇದ್ದಿಲಿನಿಂದ ಗೀಚುತ್ತ ಊರೂರು ಅಲೆದೆ. ಕೋಡಿಯಲ್ಲಿ ಬಲೆ ಎಳೆಯುವವರ ಕೈ, ಕುಂದಾಪುರದಲ್ಲಿ ಹಂಚಿಗೆ ಮಣ್ಣು ನಾದುವವರ ಕೈ, ಬೈಂದೂರಿನಲ್ಲಿ ಬುಟ್ಟಿ ಹೆಣೆಯುವವನ ಕೈ. ಎಲ್ಲ ಸರಿಯಾಗಿಯೇ ಇದ್ದವು, ಒಂದೂ ಮನಸ್ಸಿಗೆ ಬರಲಿಲ್ಲ. ಗೀಚಿದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ.

ಹಾಗೆ ಒಂದು ಮಧ್ಯಾಹ್ನ ಮುಖ ಗಂಟಿಕ್ಕಿಕೊಂಡು ಮನೆಗೆ ಬಂದಾಗ ಅಬ್ಬಿ ಹಿತ್ತಿಲಲ್ಲಿ ಹುರಿ ಹೊಸೆಯುತ್ತಿದ್ದಳು. ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹೊಳೆಯ ಕೆಸರಿನಲ್ಲಿ ಹೂತು ಕೊಳೆಸಿ, ತೆಗೆದು ಬಡಿದು, ನಾರು ಬಿಡಿಸಿ ಹಗ್ಗ ಮಾಡುವುದು ಅವಳ ಕೆಲಸ. ಬೆರಳು ಗಂಟುಗಂಟು, ಅಂಗೈ ತುಂಬ ಬಿರುಕು, ಉಗುರಿನ ಸುತ್ತ ಕೊಳೆತ ಸಿಪ್ಪೆಯ ಕಪ್ಪು. ಹುಟ್ಟಿದಾರಭ್ಯ ಕಂಡ ಕೈಯನ್ನು ಅಂದೇ ಮೊದಲು ನೋಡಿದೆ. ಅವಳಿಗೆ ಹೇಳದೆ, ಬಾಗಿಲ ಮರೆಯಲ್ಲಿ ಕೂತು, ಮೂರು ದಿನ ಆ ಹಾಳೆಯ ಮೇಲೆ ನೀರುಬಣ್ಣದಲ್ಲಿ ಬರೆದೆ. ಆ ಮೂರು ದಿನ ಮಾತ್ರ ನನ್ನ ಕಾಲು ನೆಲದಲ್ಲಿ ನಿಂತಿತ್ತು.

ಒಣಗಲೆಂದು ಜಗಲಿಯಲ್ಲಿಟ್ಟದ್ದೇ ತಪ್ಪಾಯಿತು. ನೆರೆಮನೆಯ ಹೆಂಗಸು ಬಂದವಳು ಅಬ್ಬಿಯನ್ನು ಕರೆದು, "ಇದ್ ನಿನ್ನ್ ಕೈ ಅಲ್ದಾ! ಉಗುರಿನ್ ಕಪ್ಪ್ ಸಮೇತ ಬರ್ದಿದ್ದ ಕಾಣ್!" ಎಂದು ಬಿದ್ದು ಬಿದ್ದು ನಕ್ಕಳು. ಅಬ್ಬಿ ನಗಲಿಲ್ಲ. ನೆರೆಯವಳು ಹೋದ ಮೇಲೆ ನನ್ನನ್ನು ಕೇಳಿದಳು, "ತೊಳ್ಕಂಡ್ ಬಂದ್ ಮೇಲೆ ಬರೂಕೆ ಆತಿರ್ಲಿಲ್ಯಾ ಮಗಾ? ಮದುವಿ ಮನೇಲಿ ಈ ಕೈಯಲ್ಲಿ ಬಡ್ಸುಕೂ ನಾನ್ ಹೋಪುದಿಲ್ಲೆ. ಇದನ್ನ್ ಮಂಗ್ಳೂರಿನರಿಗೆಲ್ಲ ತೋರ್ಸ್ತ್ಯಾ?"

"ನಿಂಗೆಂತ ಮರುಳಾ? ಕೈ ಕೆಸರಾದ್ರೆ ಬಾಯಿ ಮೊಸರು. ಆ ಕಪ್ಪೇ ಚಂದ" ಎಂದೆ, ದೊಡ್ಡ ಜ್ಞಾನಿಯ ಹಾಗೆ.

"ಕೆಸರ್ ತೊಳ್ಕಂಡೇ ಅಲ್ದಾ ಮೊಸರ್ ಉಂಬುದ್?" ಎಂದಳು. ನಾನು ಎಂದಿನ ಹಾಗೆ ಎದ್ದು ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಚೌಕಟ್ಟಿಗೆ ಮರದ ಪಟ್ಟಿ ತರಲು ಪಕ್ಕದೂರು ತ್ರಾಸಿಯ ಆಚಾರಿಯ ಬಳಿ ಹೋದೆ. ಮಾಸ್ತರರು ಮಂಗಳೂರಿಗೆ ಹೊರಡಲು ಇನ್ನೊಂದೇ ದಿನ ಉಳಿದಿತ್ತು. ಬಿಸಿಲೇರುವಾಗ ಮರಳಿ ಬಂದರೆ ಅಬ್ಬಿ ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಹುಣಸೆಹುಳಿ ಕಿವುಚಿದ ನೀರು, ಕೈಯಲ್ಲಿ ಒದ್ದೆ ಬಟ್ಟೆ, ಮುಂದೆ ನನ್ನ ಹಾಳೆ. ಹಾಳೆಯಲ್ಲಿ ಕೈಗಳಿರಲಿಲ್ಲ. ಮಳೆಗಾಲದ ಹೊಳೆನೀರಿನಂಥ ಕೆಂಚು ಬಣ್ಣ ಹರಡಿತ್ತು. ತಾಮ್ರದ ತಂಬಿಗೆ ಬೆಳಗುವಂತೆ ಚಿತ್ರವನ್ನೂ ಬೆಳಗಲು ಹೊರಟಿದ್ದಳು ಮಹಾತಾಯಿ.

"ಉಗುರ್ ಮಾತ್ರ ತೊಳೂವ ಅಂದ್ಕಂಡೆ. ಎಲ್ಲ ಹೋಯ್ತಲ್ಲ ಮಗಾ" ಎಂದಳು.

ಕೂಗಾಡಿದೆ. ಏನೇನು ಅಂದೆನೆಂದು ಬರೆಯಲು ಈಗಲೂ ನಾಚಿಕೆ. ಅವಳು ಹಾಳೆಯನ್ನು ಅಂಗಳದ ಬಿಸಿಲಿಗೆ ಮಗುಚಿ ಹರವಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು. "ಹಿಂದಿನ್ ಬದಿ ಖಾಲಿ ಇತ್ತಲ್ದಾ, ಅದ್ರ್ ಮೇಲೆ ಬರಿ. ನಾನ್ ಕೂಕಂತೆ."

"ಹಾಂಗಾರೆ ತೊಳ್ಕಂಡೇ ಬಾ! ಕೊಳೆ ಹೋಪಲ್ಲಿವರಿಗೆ ತಿಕ್ಕ್!" ಎಂದೆ, ಸಿಟ್ಟಿನ ಭರದಲ್ಲಿ.

ಬಾವಿಕಟ್ಟೆಯಲ್ಲಿ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿತು. ಮೊದಲು ಹುಣಸೆ, ಆಮೇಲೆ ಬೂದಿ, ಕೊನೆಗೆ ಮರಳು. ನಾನು ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಅವಳು ಬಂದು ಎರಡೂ ಕೈ ನನ್ನ ಮುಂದೆ ಚಾಚಿದಳು. ಬಿರುಕುಗಳಲ್ಲಿ ನೆತ್ತರು ಒಸರುತ್ತಿತ್ತು. ಉಗುರಿನ ಕಪ್ಪು ಹಾಗೇ ಇತ್ತು.

"ಹೋತಿಲ್ಲೆ ಮಗಾ" ಎಂದಳು. ಸೆರಗಿಗೆ ನೆತ್ತರು ಒರೆಸಿಕೊಂಡು, "ಹಾಂಗೇ ಬರಿ, ಅಡ್ಡಿಲ್ಲೆ. ನಂದ್ ಅಂದೇಳಿ ಯಾರಿಗೂ ಹೇಳ್ಬೇಡ, ಅಷ್ಟೇ."

ಸಂಜೆಯೊಳಗೆ ಬರೆದು ಮುಗಿಸಿದೆ. ಅವಳು ಒಮ್ಮೆಯೂ ಹಾಳೆಯ ಕಡೆ ತಿರುಗಲಿಲ್ಲ. ಚಿತ್ರ ಮಂಗಳೂರಿಗೆ ಹೋಯಿತು, ಮಾಸ್ತರಿಕೆಯೂ ಸಿಕ್ಕಿತು. ಕೆಲಸಕ್ಕೆ ಸೇರಿದ ದಿನ ಶಾಲೆಯ ಹಿರಿಯರೊಬ್ಬರು ಚಿತ್ರವನ್ನು ಬಾಯಿತುಂಬ ಹೊಗಳಿ, ಆ ಕೈ ಯಾರದು ಎಂದು ಕೇಳಿದರು. ನಾನು ಒಗೆದ ಅಂಗಿ ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ನಿಂತಿದ್ದೆ.

"ಯಾರೋ ಒಬ್ಬ ಕೂಲಿ ಹೆಂಗಸಿನದು" ಎಂದೆ.

ಅಬ್ಬಿಯ ಮಾತು ನಡೆಸಿಕೊಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವಳು ಬೇಡವೆನ್ನದಿದ್ದರೂ ನಾನು ಅಂದು ಅದನ್ನೇ ಹೇಳುತ್ತಿದ್ದೆ.